ಹೊಂಗೆಕಾವಲಿನ ಅಧ್ಯಾಯ

ಬೇಲೂರು
20 ಜೂನ್ 1999

ಪ್ರಿಯ ಭೀಮ,

ನೀನು ಕಳಿಸಿದ ಕೊನೆಯ ಅಧ್ಯಾಯ ಮೊನ್ನೆ ಕಾಲೇಜಿನ ವಿಳಾಸಕ್ಕೆ ಬಂತು. ಓದಿ ಸಿಟ್ಟು ಬಂತು. ಸಿಟ್ಟು ತಣಿಯಲಿ ಎಂದು ಇನ್ನೊಂದು ಸಲ ಓದಿದೆ. ತಣಿಯಲಿಲ್ಲ.

ಒಂದು ಜನವನ್ನೇ ಭೂಮಿಯ ಮೇಲಿಂದ ಅಳಿಸಲು ಈ ಶತಮಾನದಲ್ಲಿ ನಡೆದ ಕೊಲೆಗಳ ಚರಿತ್ರೆ ಬರೆಯೋಣ ಎಂದು ನಾವು ಹೊರಟು ಮೂರು ವರ್ಷವಾಯಿತು. ಅರ್ಮೇನಿಯನ್ನರು, ಯಹೂದಿಗಳು, ಕಾಂಬೋಡಿಯಾ, ರುವಾಂಡ. ನಾಲ್ಕೇ ಅಧ್ಯಾಯ ಎಂದು ಮೈಸೂರಿನಲ್ಲಿ ಪ್ರಕಾಶಕರ ಮುಂದೆ ಕೂತು ಮಾತಾಗಿತ್ತು. ಈಗ ನೀನು ಯಾರನ್ನೂ ಕೇಳದೆ ಐದನೆಯದನ್ನು ಸೇರಿಸಿದ್ದೀಯ: ‘ಹೊಂಗೆಕಾವಲು, 1961’.

ಜಾವಗಲ್ ಕಡೆಯ ಆ ಸಣ್ಣ ಊರಿನಲ್ಲಿ ನಿಮ್ಮವರ ಕೇರಿಗೆ ಬೆಂಕಿ ಬಿದ್ದು ಹದಿನಾಲ್ಕು ಜನ ಸತ್ತದ್ದು ಘೋರ. ಅದನ್ನು ಅಲ್ಲಗಳೆಯುವ ಮನುಷ್ಯ ನಾನಲ್ಲ. ಆದರೆ ಅದು ಈ ಪುಸ್ತಕದ ವಿಷಯವಲ್ಲ. ಇಂಥ ಕೊಲೆಗಳ ಬಗ್ಗೆ ದೇಶಗಳೆಲ್ಲ ಸೇರಿ ಮಾಡಿಕೊಂಡ 1948ರ ಒಪ್ಪಂದ ಹೇಳುವ ಗುಂಪುಗಳು ನಾಲ್ಕು: ರಾಷ್ಟ್ರೀಯ, ಜನಾಂಗೀಯ, ವರ್ಣೀಯ, ಧಾರ್ಮಿಕ. ಅದರಲ್ಲಿ ಜಾತಿ ಇಲ್ಲ. ಅದೂ ಅಲ್ಲದೆ, ಆ ಗುಂಪನ್ನು ಗುಂಪು ಎಂಬ ಕಾರಣಕ್ಕೇ ನಾಶ ಮಾಡುವ ಉದ್ದೇಶ ಇತ್ತು ಎಂದು ತೋರಿಸಬೇಕು. ಉದ್ದೇಶ ಇಲ್ಲದಿದ್ದರೆ ಅದು ಕೊಲೆ, ದೊಂಬಿ, ಹತ್ಯಾಕಾಂಡ. ಕನ್ನಡದಲ್ಲಿ ಪದಗಳಿಗೇನು ಬರ ಬಂದಿದೆ?

ಪದದ ಮಾತು ಬಂದದ್ದಕ್ಕೆ ಹೇಳುತ್ತೇನೆ. ‘ನರಮೇಧ’ ಬೇಡ ಎಂದು ನೀನು ಹಟ ಹಿಡಿದಾಗ ಒಪ್ಪಿದೆ. ‘ಕುಲನಾಶ’ ಎಂಬುದನ್ನು ನೀನು ಈ ಅರ್ಥಕ್ಕೆ ತಂದಾಗಲೂ ಒಪ್ಪಿದೆ. ಅದು ಯಾಕೆಂದು ಈಗ ತಿಳಿಯಿತು. ಕುಲ ಎಂದು ಬಾಗಿಲು ತೆರೆದಿಟ್ಟು ಅದರಲ್ಲಿ ಜಾತಿಯನ್ನು ಒಳಗೆ ಬಿಡುವ ಉಪಾಯ.

ಐದನೆಯ ಅಧ್ಯಾಯ ತೆಗೆ. ಉಳಿದದ್ದು ಆಗಸ್ಟಿನಲ್ಲಿ ಅಚ್ಚಿಗೆ ಹೋಗಲಿ.

ನಿನ್ನ,
ಶರತ್ಚಂದ್ರ

*

ಅರಸೀಕೆರೆ
2 ಜುಲೈ 1999

ಶರತ್,

ಬೆಂಕಿ ತಾನಾಗಿ ಬೀಳುವುದಿಲ್ಲ ಕಣೋ. ಇಡುತ್ತಾರೆ. ಎಂ.ಎ.ಯಲ್ಲಿ ಚಿನ್ನದ ಪದಕ ತೆಗೆದುಕೊಂಡವನು ಕರ್ತೃವಿಲ್ಲದ ವಾಕ್ಯ ಬರೆಯಲು ಎಲ್ಲಿ ಕಲಿತೆ?

‘ಮೇಧ’ ಎಂದರೆ ಯಜ್ಞ. ನಮ್ಮವರು ಯಾರ ಯಜ್ಞದ ಹವಿಸ್ಸೂ ಅಲ್ಲ, ಅದಕ್ಕೇ ಆ ಪದ ಬೇಡ ಎಂದೆ. ‘ಜೆನೊಸೈಡ್’ ಎಂಬ ಇಂಗ್ಲಿಷ್ ಪದವನ್ನು ಕಟ್ಟಿದ ಪೋಲೆಂಡಿನ ವಕೀಲ ಅದರ ಮೊದಲರ್ಧವನ್ನು ಗ್ರೀಕಿನ ‘ಗೆನೋಸ್’ನಿಂದ ತಂದ. ನಮ್ಮ ‘ಜನ’ವೂ ‘ಜಾತಿ’ಯೂ ಹುಟ್ಟಿದ್ದು ಅದೇ ಬೇರಿನಿಂದ. ಬಾಗಿಲು ನಾನು ತೆರೆದದ್ದಲ್ಲ. ಅದು ಮೊದಲಿನಿಂದಲೂ ತೆರೆದೇ ಇತ್ತು, ನೀನು ಹೋಗಿ ಅಡ್ಡ ನಿಂತಿದ್ದೀಯ.

ನೀನು ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಹೊಂಗೆಕಾವಲಿನ ಮೂರು ಮನೆಯವರಿಗೆ ಸರ್ಕಾರದಿಂದ ದರಖಾಸ್ತು ಜಮೀನು ಮಂಜೂರಾಯಿತು. ಊರಿನವರ ದನ ಮೇಯುತ್ತಿದ್ದ ಕಾವಲು ಅದು. ಹಗಲು ಹೊತ್ತಿನಲ್ಲಿ ಬಂದು ಇಡೀ ಕೇರಿಗೆ ಬೆಂಕಿ ಇಟ್ಟರು. ನನ್ನ ಅವ್ವ ಮುನಿಯಮ್ಮ ಮಾದಿಹಳ್ಳಿಯ ಗಂಡನ ಮನೆಯಿಂದ ಬಾಣಂತನಕ್ಕೆಂದು ಅಲ್ಲಿಯ ತವರಿಗೆ ಹೋಗಿದ್ದಳು. ಹೊಟ್ಟೆಯಲ್ಲಿದ್ದವನು ನಾನು. ಅವಳು ಜೋಳದ ಹೊಲದಲ್ಲಿ ಅಡಗಿ ಕೂತು, ತನ್ನ ಅಪ್ಪ, ಅವ್ವ, ಇಬ್ಬರು ಅಣ್ಣಂದಿರು, ಒಬ್ಬ ಅತ್ತಿಗೆ ಸತ್ತದ್ದನ್ನು ನೋಡಿದಳು. ಉಳಿದವರನ್ನು ಮತ್ತೆ ಆ ಊರಿಗೆ ಕಾಲಿಡಲು ಬಿಡಲಿಲ್ಲ. ಹೋಗಿ ನೋಡು, ಇವತ್ತಿಗೂ ಅಲ್ಲಿ ನಮ್ಮವರ ಒಂದು ಒಲೆ ಉರಿಯುವುದಿಲ್ಲ. ಒಪ್ಪಂದದಲ್ಲಿ ‘ಪೂರ್ತಿಯಾಗಿ ಅಥವಾ ಭಾಗಶಃ’ ಎಂದಿದೆಯಲ್ಲ, ಓದಿದ್ದೀಯ ತಾನೇ?

ಆ ಮೊಕದ್ದಮೆಯಲ್ಲಿ ಮೊದಲನೆಯ ಆಪಾದಿತ ಸಿದ್ದಬಸಪ್ಪ. ನಿನ್ನ ಅಪ್ಪ.

ಇದು ನಿನಗೆ ಗೊತ್ತು. ನನಗೆ ಗೊತ್ತು ಎಂಬುದೂ ನಿನಗೆ ಗೊತ್ತು. ಮೈಸೂರಿನಲ್ಲಿ ಎರಡು ವರ್ಷ ಒಂದೇ ರೂಮಿನಲ್ಲಿದ್ದೆವು. ನಿನ್ನ ಮನೆಯಿಂದ ಬರುತ್ತಿದ್ದ ಕೊಬ್ಬರಿ ಮಿಠಾಯಿಯನ್ನು ಇಬ್ಬರೂ ತಿಂದೆವು. ಒಂದು ದಿನವೂ ನಾನು ಬಾಯಿ ಬಿಡಲಿಲ್ಲ. ನೀನೇ ಒಂದು ದಿನ ಎತ್ತುತ್ತೀಯ ಎಂದು ಕಾದೆ. ಕಾದದ್ದು ಸಾಕು.

ಅಧ್ಯಾಯ ತೆಗೆಯುವುದಿಲ್ಲ.

ಭೀಮರಾಜ್

*

ಬೇಲೂರು
19 ಜುಲೈ 1999

ಶ್ರೀ ಭೀಮರಾಜ್ ಅವರಿಗೆ,

ನಿಮ್ಮ ಪತ್ರ ತಲುಪಿತು.

ನನ್ನ ತಂದೆಯವರನ್ನು ನ್ಯಾಯಾಲಯ ಬಿಡುಗಡೆ ಮಾಡಿದೆ. ಸಾಕ್ಷಿಗಳು ಬರಲಿಲ್ಲ ಎಂದು ಅಧ್ಯಾಯದಲ್ಲಿ ನೀವು ಮಾಡಿರುವ ವಾದ ನನಗೆ ತಿಳಿದದ್ದೇ. ಯಾಕೆ ಬರಲಿಲ್ಲ ಎಂಬುದೂ ತಿಳಿದದ್ದೇ. ಆದರೆ ಇತಿಹಾಸಕಾರನ ಕೆಲಸ ಮನೆಯ ಅಹವಾಲು ಬರೆಯುವುದಲ್ಲ. ನೀವು ಬರೆದಿರುವುದು ಅಧ್ಯಾಯವಲ್ಲ, ಅರ್ಜಿ.

ಕಾಂಬೋಡಿಯಾದ ಬಗ್ಗೆ ನಾವು ಆರು ತಿಂಗಳು ಜಗಳವಾಡಿದ್ದು ನಿಮಗೆ ಮರೆತಿದೆ ಎಂದು ಕಾಣುತ್ತದೆ. ಅಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಆದರೂ ಕೊಂದವರು ಮತ್ತು ಸತ್ತವರಲ್ಲಿ ಹೆಚ್ಚಿನವರು ಒಂದೇ ಖ್ಮೇರ್ ಜನಾಂಗದವರು, ಹಾಗಾಗಿ ಆ ಪದ ಅಲ್ಲಿಗೆ ಪೂರ್ತಿ ಹೊಂದುವುದಿಲ್ಲ ಎಂದು ನೀವೇ ಪಟ್ಟು ಹಿಡಿದಿರಿ. ‘ಪದಕ್ಕೆ ಬೇಲಿ ಇರಬೇಕು’ ಎಂದದ್ದು ನೀವು. ದೂರದವರಿಗೆ ಬೇಲಿ ಹಾಕಿ, ನಿಮ್ಮ ಮನೆಯ ಮುಂದೆ ಮಾತ್ರ ಕಿತ್ತುಹಾಕುತ್ತೀರಿ. ಲಕ್ಷಾಂತರ ಖ್ಮೇರರಿಗೆ ಸಿಗದ ಪದ ಹದಿನಾಲ್ಕು ಜನರಿಗೆ ಹೇಗೆ ಸಿಗುತ್ತದೆ? ಎಲ್ಲದಕ್ಕೂ ಬಳಿದರೆ ಆ ಪದ ಗೋಡೆಯ ಸುಣ್ಣವಾಗುತ್ತದೆ, ಕೈಯಿಟ್ಟರೆ ಉದುರುತ್ತದೆ.

ಈ ಅಧ್ಯಾಯ ಇರುವುದಾದರೆ ಪುಸ್ತಕದಲ್ಲಿ ನನ್ನ ಹೆಸರು ಇರುವುದಿಲ್ಲ. ಪ್ರಕಾಶಕರಿಗೂ ಬರೆದಿದ್ದೇನೆ. ಫೋನ್ ಮಾಡುವ ಅಗತ್ಯವಿಲ್ಲ.

ಇತಿ,
ಎಸ್. ಶರತ್ಚಂದ್ರ

*

ಅರಸೀಕೆರೆ
11 ಅಕ್ಟೋಬರ್ 1999

ಶರತ್ಚಂದ್ರ,

‘ನೀವು’ ಎಂದು ಬರೆದು ನನಗೆ ಮರ್ಯಾದೆ ಕೊಟ್ಟೆ ಎಂದುಕೊಂಡೆಯಾ? ನಿನ್ನ ಅಪ್ಪನ ಕಾಲದಲ್ಲಿ ಏಕವಚನದಲ್ಲಿ ದೂರ ಇಡುತ್ತಿದ್ದರು, ನೀನು ಬಹುವಚನದಲ್ಲಿ ಇಡುತ್ತೀಯ. ನಾನು ‘ನೀನು’ ಎಂದೇ ಬರೆಯುತ್ತೇನೆ.

ಮೂರು ತಿಂಗಳು ಸುಮ್ಮನಿದ್ದದ್ದು ನಿನ್ನ ಪತ್ರಕ್ಕೆ ಉತ್ತರ ಇಲ್ಲದೆ ಅಲ್ಲ. ಕಾಂಬೋಡಿಯಾದ ಮಾತು ನನಗೆ ನಾಟಿತು. ನಾನೇ ಹಾಕಿದ ಬೇಲಿ ಅದು ಎಂಬುದು ನಿಜ. ಹಾಗಾಗಿ ದಸರಾ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಕಾನೂನು ಗ್ರಂಥಾಲಯದಲ್ಲಿ ಕೂತೆ. ರುವಾಂಡದ ಕೊಲೆಗಳ ಮೇಲೆ ಅರೂಷದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಹೋದ ವರ್ಷ ಕೊಟ್ಟ ಮೊದಲ ತೀರ್ಪನ್ನು ಪೂರ್ತಿ ಓದಿದೆ.

ಆ ನ್ಯಾಯಾಧೀಶರಿಗೂ ನಿನ್ನದೇ ತೊಡಕು ಎದುರಾಗಿತ್ತು. ಕೊಂದ ಹುಟು, ಸತ್ತ ಟುಟ್ಸಿ, ಎರಡೂ ಕಡೆಯವರಿಗೆ ಒಂದೇ ಭಾಷೆ, ಒಂದೇ ಧರ್ಮ. ಹಾಗಾದರೆ ನಾಲ್ಕು ಗುಂಪಿನಲ್ಲಿ ಅವರು ಯಾವುದು? ಒಪ್ಪಂದ ಬರೆದವರ ಮನಸ್ಸಿನಲ್ಲಿ ಇದ್ದದ್ದು ಸ್ಥಿರವಾದ ಯಾವುದೇ ಗುಂಪು, ಹುಟ್ಟಿನಿಂದ ಬಂದು ಸುಲಭಕ್ಕೆ ಬಿಟ್ಟುಹೋಗಲಾಗದ ಗುಂಪು ಎಂದು ಅವರು ಬರೆದಿದ್ದಾರೆ. ಹುಟ್ಟಿನಿಂದ ಬಂದು ಬಿಡಲಾಗದ್ದು. ನಮ್ಮ ದೇಶದಲ್ಲಿ ಇದಕ್ಕೆ ಏನೆನ್ನುತ್ತಾರೆ, ಹೇಳು.

ಇನ್ನೊಂದು ವಿಷಯವೂ ಕಂಡಿತು. ನಿನ್ನ ರುವಾಂಡ ಅಧ್ಯಾಯದಲ್ಲಿ ಇದೇ ತೀರ್ಪಿನಿಂದ ಉದ್ದುದ್ದ ಉಲ್ಲೇಖಗಳಿವೆ. ಈ ಮಾತಿನ ಹಿಂದಿನ ಪ್ಯಾರಾ ಇದೆ, ಮುಂದಿನದೂ ಇದೆ. ಈ ಮಾತು ಮಾತ್ರ ಇಲ್ಲ.

ಗುಂಪಿನ ಪ್ರಶ್ನೆ ಮುಗಿಯಿತು. ಉಳಿದದ್ದು ಉದ್ದೇಶ. ಸತ್ತವರನ್ನು ಕೇಳಿ ಉದ್ದೇಶ ತಿಳಿಯುವುದಿಲ್ಲ. ಅವ್ವನನ್ನು ಕೇಳಿದರೆ ಅವಳು ಕಂಡದ್ದು ಹೇಳಿಯಾಳು, ಅವರ ತಲೆಯೊಳಗೆ ಏನಿತ್ತು ಎಂದು ಹೇಗೆ ಹೇಳಿಯಾಳು? ಅದನ್ನು ಹೇಳಬಲ್ಲವರು ಇಲ್ಲೇ ಅರಸೀಕೆರೆಯ ನಿಮ್ಮ ಮನೆಯಲ್ಲಿದ್ದಾರೆ. ದಿನಾ ಸಂಜೆ ನಿಮ್ಮ ಕೊಬ್ಬರಿ ಮಂಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನು ಕಾಲೇಜಿನಿಂದ ಬರುತ್ತಾ ನೋಡುತ್ತೇನೆ.

ನೀನು ಇತಿಹಾಸಕಾರ, ನಾನು ಅರ್ಜಿದಾರ. ಹಾಗಾದರೆ ಹೋಗಿ ಕೇಳು. ಕೇಳುವ ಎದೆ ಇಲ್ಲದಿದ್ದರೆ ‘ಉದ್ದೇಶ’ ಎಂಬ ಪದವನ್ನು ಇನ್ನು ನನ್ನ ಮುಂದೆ ಎತ್ತಬೇಡ.

ಭೀಮರಾಜ್

*

ಬೇಲೂರು
6 ಮಾರ್ಚ್ 2000

ಭೀಮ,

ಐದು ತಿಂಗಳು ನಿನಗೆ ಬರೆಯಬಾರದು ಎಂದೇ ಇದ್ದೆ. ಆ ಪ್ಯಾರಾ ಬಿಟ್ಟದ್ದು ಮರೆವಿನಿಂದಲ್ಲ. ಅದು ಒಂದು ಪೀಠದ ಅಭಿಪ್ರಾಯ. ಬೇರೆ ನ್ಯಾಯಾಧೀಶರು ಬೇರೆ ದಾರಿ ಹಿಡಿಯುತ್ತಿದ್ದಾರೆ. ಜಾತಿ ಆ ನಾಲ್ಕರಲ್ಲಿ ಸೇರುತ್ತದೆ ಎಂದು ನಾನು ಇವತ್ತೂ ಒಪ್ಪುವುದಿಲ್ಲ. ಇದು ಮೊದಲೇ ನಿನಗೆ ಗೊತ್ತಿರಲಿ.

ಶಿವರಾತ್ರಿಗೆ ಅರಸೀಕೆರೆಗೆ ಹೋಗಿದ್ದೆ. ನಿನ್ನೆ ಬೆಳಿಗ್ಗೆ ಅಪ್ಪಾಜಿ ಸ್ನಾನ, ಪೂಜೆ ಮುಗಿಸಿ ನಡುಮನೆಯಲ್ಲಿ ಕೂತಿದ್ದರು. ವಯಸ್ಸು ಎಪ್ಪತ್ತೆಂಟಾದರೂ ಕಣ್ಣು, ಕಿವಿ, ನೆನಪು ಎಲ್ಲ ಚೆನ್ನಾಗಿವೆ. ತಂಗಿ ಅರುಣಾ ಅಡಿಗೆಮನೆಯ ಬಾಗಿಲಲ್ಲಿ ತರಕಾರಿ ಹೆಚ್ಚುತ್ತಿದ್ದಳು. ನಾನು ಕೇಳಿದೆ. ನಡೆದ ಮಾತನ್ನು ಹಾಗೆಯೇ ಬರೆಯುತ್ತೇನೆ.

“ಅಪ್ಪಾಜಿ, ಹೊಂಗೆಕಾವಲಲ್ಲಿ ಅವತ್ತು ಏನಂತ ಹೋದ್ರಿ?”

“ಯಾಕ್ಲಾ ಈಗ ಅದು?”

“ಪುಸ್ತಕ ಬರೀತಿದ್ದೀನಿ.”

“ಕೋರ್ಟ್ನಾಗೆ ಬಿಟ್ಟವ್ರೆ. ಬರ್ಕೋ ಹಂಗಂತ.”

“ಕೋರ್ಟ್ ಕೇಳಿದ್ದು ಬೆಂಕಿ ಯಾರಿಟ್ರು ಅಂತ. ನಾನು ಕೇಳ್ತಿರೋದು ಯಾಕೆ ಅಂತ.”

“ಯಾಕೆ ಅಂದ್ರೆ? ಕಾವಲು ಕೊಟ್ಬಿಟ್ರಲ್ಲ ಅವ್ರಿಗೆ. ನಮ್ಮ ದನ ಎಲ್ಲಿ ಮೇಯ್ಬೇಕಿತ್ತು?”

ಅಲ್ಲಿಗೆ ಬಿಡಬಹುದಿತ್ತು. ಜಮೀನಿನ ಜಗಳ ಎಂದರೆ ನನ್ನ ವಾದ ಗೆಲ್ಲುತ್ತಿತ್ತು, ನಿನ್ನದು ಬೀಳುತ್ತಿತ್ತು. ಆದರೂ ಕೇಳಿದೆ:

“ಜಮೀನು ಸಿಕ್ಕಿದ್ದು ಮೂರು ಮನೆಗೆ. ಉಳಿದೋರ ಮನೆಗೆ ಯಾಕೆ ಇಟ್ರಿ?”

ಅಪ್ಪಾಜಿ ನನ್ನನ್ನು ದಡ್ಡ ಮಗುವನ್ನು ನೋಡುವಂತೆ ನೋಡಿದರು.

“ಮೂರು ಮನೆ ಸುಟ್ರೆ ಉಳಿದೋರು ಸುಮ್ಕಿರ್ತಾರಾ? ಅವ್ರ ಮಕ್ಳು ದೊಡ್ಡವಾಗಲ್ವಾ? ಇವತ್ತು ಕಾವಲು, ನಾಳೆ ಕೆರೆ, ನಾಳಿದ್ದು ಗುಡಿ. ಒಂದು ಒಲೆ ಉಳಿದ್ರೂ ಹತ್ತಾಯ್ತದೆ. ಆ ಜಾತಿನೇ ಊರಾಗೆ ಇರ್ಕೂಡ್ದು ಅಂತ ಗುಡಿ ಮುಂದೆ ಕುಂತು ಮಾತಾಡ್ಕೊಂಡೇ ಹೋಗಿದ್ದು.”

ಕುಡಿದಿದ್ದಿರಾ ಎಂದು ಕೇಳಿದೆ. ಹೌದು ಎನ್ನಲಿ ಎಂದು ನನ್ನ ಮನಸ್ಸು ಬಯಸಿತು ಭೀಮ. ಆದರೆ ಅಪ್ಪಾಜಿಗೆ ಕೋಪ ಬಂತು. ಇಡೀ ಮಾತಿನಲ್ಲಿ ಅವರಿಗೆ ಕೋಪ ಬಂದದ್ದು ಅದೊಂದೇ ಸಲ.

“ಸೋಮವಾರ ಕಣ್ಲಾ ಅವತ್ತು. ಉಪವಾಸ ಇದ್ದೋರು ನಾವು. ಕುಡಿತಾರಾ?”

ಆಮೇಲೆ ಮಜ್ಜಿಗೆ ಕೇಳಿದರು. ಅರುಣಾ ತಂದುಕೊಟ್ಟಳು. ನಾನು ಚಪ್ಪಲಿ ಮೆಟ್ಟುವಾಗ ಹಿಂದೆಯೇ ಬಂದು, “ಕೇಳಬಾರ್ದಿತ್ತು ಅಣ್ಣ ನೀನು” ಎಂದಳು.

ಕೇಳು ಎಂದು ಸವಾಲು ಹಾಕಿದವನು ನೀನು. ಕೇಳಿದ್ದಾಯಿತು. ಉಪಯೋಗಿಸುವುದು, ಬಿಡುವುದು ನಿನಗೆ ಸೇರಿದ್ದು. ಥ್ಯಾಂಕ್ಸ್ ಹೇಳಬೇಡ. ಈ ಪುಸ್ತಕಕ್ಕೂ ನನಗೂ ಸಂಬಂಧ ಮುಗಿಯಿತು.

ಶರತ್

*

ಅರಸೀಕೆರೆ
21 ಮಾರ್ಚ್ 2000

ಶರತ್,

ಥ್ಯಾಂಕ್ಸ್ ಹೇಳುವ ಯೋಚನೆ ನನಗೂ ಇರಲಿಲ್ಲ.

ನಿನ್ನ ಪತ್ರ ಹಿಡಿದು ಕ್ಲಾಸಿಗೆ ಹೋಗಲಾರದೆ ಸ್ಟಾಫ್ ರೂಮಿನಲ್ಲೇ ಕೂತುಬಿಟ್ಟೆ. ಇಷ್ಟು ವರ್ಷ ವಾದ ಮಾಡಿದವನಿಗೆ ವಾದ ಗೆದ್ದಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಗೆಲ್ಲುವುದು ಎಂದರೆ ಇದು ಎಂದು ನಾನು ಎಣಿಸಿರಲಿಲ್ಲ.

ಆದರೆ ನಿನ್ನ ಬುದ್ಧಿ ನನಗೆ ಗೊತ್ತು. ನಿನ್ನಿಂದ ಹೊರಲಾಗದ್ದನ್ನು ತಂದು ನನ್ನ ಬಾಗಿಲಲ್ಲಿ ಇಳಿಸಿ, ಬೇಲೂರಿನ ಬಸ್ಸು ಹತ್ತಿದ್ದೀಯ. ‘ಸಂಬಂಧ ಮುಗಿಯಿತು’ ಅಂತೆ. ನಿಮ್ಮ ಮನೆಯವರಿಗೆ ಇದೊಂದು ಅಭ್ಯಾಸ. ಬಂದ ಕೆಲಸ ಮುಗಿಸಿ ಹೊರಟುಬಿಡುವುದು.

ನಾನು ಒಬ್ಬನೇ ಇದನ್ನು ಅಚ್ಚು ಹಾಕಿದರೆ ಏನಾಗುತ್ತದೆ ಯೋಚಿಸು. ಕೇರಿಯ ಮೇಷ್ಟ್ರು ದೊಡ್ಡ ಮನುಷ್ಯರ ಮೇಲೆ ಕಟ್ಟುಕಥೆ ಕಟ್ಟಿದ ಎನ್ನುತ್ತಾರೆ. ಸಿದ್ದಬಸಪ್ಪನವರು ನನ್ನ ಹತ್ತಿರ ಮಾತಾಡಿಲ್ಲ. ಅವರ ಮಾತು ಕೇಳಿದ ಕಿವಿ ನಿನ್ನದು. ಆ ಮಾತಿಗೆ ಆಧಾರ ನೀನು. ಆಧಾರವೇ ಎದ್ದು ಹೋಗುತ್ತೇನೆ ಎಂದರೆ ಅಧ್ಯಾಯ ಹೇಗೆ ನಿಲ್ಲುತ್ತದೆ?

ಹಾಗಾಗಿ ಪುಸ್ತಕದ ಮೇಲೆ ನಿನ್ನ ಹೆಸರು ಇರಬೇಕು. ಸ್ನೇಹಕ್ಕೆ ಕೇಳುತ್ತಿಲ್ಲ, ಅದು ಸತ್ತಿದೆ. ಜಾತಿ ನಾಲ್ಕರಲ್ಲಿ ಸೇರುವುದಿಲ್ಲ ಎನ್ನುತ್ತೀಯಲ್ಲ, ಅದನ್ನೂ ಬರೆ. ನನ್ನ ವಾದದ ಕೆಳಗೆ ನಿನ್ನ ವಾದ ಅಚ್ಚಾಗಲಿ. ಆದರೆ ನಿನ್ನ ಅಪ್ಪ ಹೇಳಿದ್ದನ್ನು ನೀನೇ, ನಿನ್ನ ಸಹಿಯ ಕೆಳಗೆ ಬರೆಯಬೇಕು.

ಇಲ್ಲವೆಂದರೆ ನಿನ್ನ ಪತ್ರವನ್ನು ಹಿಂದಕ್ಕೆ ಕಳಿಸುತ್ತೇನೆ. ಅವ್ವನಿಗೂ ಹೇಳುವುದಿಲ್ಲ, ಪುಸ್ತಕಕ್ಕೂ ಹಾಕುವುದಿಲ್ಲ. ಅದು ನಿನ್ನ ಮನೆಯಲ್ಲೇ ಇರಲಿ, ನೀನು ಅದರ ಜೊತೆ ಊಟ ಮಾಡು.

ಭೀಮರಾಜ್

*

ಬೇಲೂರು
15 ಮೇ 2000

ಭೀಮರಾಜ್,

ನಾನು ಬರೆದ ಭಾಗ ಇದರ ಜೊತೆಗಿದೆ. ಒಂದಕ್ಷರ ತಿದ್ದಬೇಡ.

ಅಚ್ಚಿಗೆ ಕೊಡುವ ಮೊದಲು ಅಪ್ಪಾಜಿಗೆ ಓದಿ ಹೇಳಿದೆ. ಹೇಳದೆ ಮಾಡುವುದು ನನ್ನಿಂದ ಆಗಲಿಲ್ಲ. ಕೊನೆಯವರೆಗೂ ಕೇಳಿ, “ನಾನ್ ಹಂಗಂದೇ ಇಲ್ಲ” ಎಂದರು. ನಡುಮನೆ, ಬೆಳಿಗ್ಗೆ, ಮಜ್ಜಿಗೆ ಎಂದು ನೆನಪಿಸಿದೆ. “ನಿಂಗೆ ತಲೆ ಕೆಟ್ಟೈತೆ” ಎಂದರು. ಅರುಣಾಳ ಕಡೆ ತಿರುಗಿದೆ. ಅವಳು ನನ್ನನ್ನೇ ನೋಡುತ್ತಾ ಹೇಳಿದಳು: “ನಾನೇನೂ ಕೇಳಿಸ್ಕೊಂಡಿಲ್ಲ ಅಣ್ಣ.”

ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ಆ ಮನೆಯಲ್ಲೇ ಇರಬೇಕು.

ಮಾರನೆಯ ವಾರ ಅಪ್ಪಾಜಿಯ ವಕೀಲರ ನೋಟಿಸ್ ಬಂತು. ತಂದೆಯ ಮಾನಕ್ಕೆ ಧಕ್ಕೆ ತಂದರೆ ಮಗನೆಂದು ನೋಡುವುದಿಲ್ಲ ಎಂದು ಅದರ ಸಾರಾಂಶ. ಮಠಕ್ಕೂ ಸುದ್ದಿ ಮುಟ್ಟಿದೆ. ಇಲ್ಲಿ ಕಾಲೇಜಿನಲ್ಲಿ ನಾನು ಬಂದರೆ ಮಾತು ನಿಲ್ಲುತ್ತದೆ. ಇದನ್ನು ನಿನ್ನ ಕನಿಕರಕ್ಕೆಂದು ಹೇಳುತ್ತಿಲ್ಲ. ನಿನಗೆ ಕನಿಕರ ಬರುವುದೂ ಇಲ್ಲ, ಬರಬೇಕಾಗಿಯೂ ಇಲ್ಲ.

ಉಪಾಯ ಮಾಡಿ ನನ್ನನ್ನು ಕಟ್ಟಿಹಾಕಿದೆ ನೀನು. ನಿನ್ನನ್ನು ಕಂಡರೆ ನನಗೆ ಈಗ ಆಗುವುದಿಲ್ಲ, ಇದು ನಿಜ. ಆದರೆ ಉದ್ದೇಶ ಇರಲಿಲ್ಲ ಎಂದು ಇನ್ನು ನಾನು ಎಲ್ಲೂ ಹೇಳಲಾರೆ, ಯಾವ ಕೋರ್ಟು ಕರೆದರೂ ಹೇಳಲಾರೆ. ಅದೂ ನಿಜ.

ಹೆಸರು ಹಾಕು. ನಿನ್ನದು ಮೊದಲು, ಆಮೇಲೆ ನನ್ನದು.

ಶರತ್ಚಂದ್ರ

*

ಅರಸೀಕೆರೆ
4 ಫೆಬ್ರವರಿ 2001

ಶರತ್,

ಪುಸ್ತಕ ಬಂದು ಒಂದು ತಿಂಗಳಾಯಿತು. ನಿನ್ನ ಪ್ರತಿಗಳು ತಲುಪಿರಬೇಕು. ಕೇಸು ಹಾಕಿದ್ದಾರೆ ಎಂದು ಪೇಟೆಯಲ್ಲಿ ಕೇಳಿದೆ. ನನ್ನನ್ನೂ ಸೇರಿಸಿದ್ದಾರಂತೆ. ಬರುತ್ತೇನೆ. ಕೋರ್ಟಿನಲ್ಲಿ ಒಂದೇ ಬೆಂಚಿನಲ್ಲಿ ಕೂರಬೇಕಾದೀತು. ಕೂರೋಣ, ಮಾತಾಡುವ ಅಗತ್ಯವಿಲ್ಲ.

ಈ ಪತ್ರ ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ಹೋದ ಭಾನುವಾರ ಅವ್ವ ತಾನಾಗಿಯೇ ಕೇಳಿದಳು: “ಅದೇನೋ ಬರ್ದಿದೀಯಂತಲ್ಲ, ಓದು.” ಹಿತ್ತಿಲಲ್ಲಿ ಬಿಸಿಲಿಗೆ ಕೂತಿದ್ದಳು. ಓದಿದೆ. ಜೋಳದ ಹೊಲದ ಭಾಗಕ್ಕೆ ತಲೆಯಾಡಿಸಿದಳು. ಅವಳ ಅಣ್ಣಂದಿರ ಹೆಸರು ಬಂದಾಗ ಕಣ್ಣು ಒರೆಸಿಕೊಂಡಳು. ಆಮೇಲೆ ನೀನು ಬರೆದ ಭಾಗ ಬಂತು. ಗುಡಿಯ ಮುಂದೆ ಕೂತು ಮಾತಾಡಿಕೊಂಡದ್ದು, ಸೋಮವಾರ, ಉಪವಾಸ.

“ನಿಲ್ಸು” ಎಂದಳು. “ಕುಡ್ದಿರ್ಲಿಲ್ವಾ?”

“ಇಲ್ಲ ಅವ್ವ.”

“ಒಬ್ರೂ?”

“ಒಬ್ರೂ ಇಲ್ಲ.”

ಆಮೇಲೆ ಹೇಳಿದಳು: “ಕುಡ್ದಿದ್ರು ಅಂದ್ಕೊಂಡೇ ಬದುಕ್ದೆ ಕಣಪ್ಪ ಇಷ್ಟು ವರ್ಷ. ಕುಡ್ದೋರಿಗೆ ಬುದ್ಧಿ ಇರಾಕಿಲ್ಲ, ಮೈಮೇಲೆ ಗ್ಯಾನ ಇರಾಕಿಲ್ಲ. ಆ ಮಂಡಿ ಮುಂದ್ಲಿಂದ ಸಂತೆಗೆ ಹೋಗ್ತಿದ್ದೆ. ಆ ಮುದ್ಕ ಕುಂತಿರೋನು. ಬೆಳಿಗ್ಗೆ ಎದ್ದಾಗ ತಾನ್ ಮಾಡಿದ್ದು ಗೊತ್ತಾಗಿ ಎಷ್ಟು ಒದ್ದಾಡಿದ್ನೋ ಅಂತ ನಾನೇ ಅಂದ್ಕೊಳ್ಳೋಳು. ಗೊತ್ತಿದ್ದೇ ಬಂದ್ರಾ ಅವ್ರು?”

ಪುಸ್ತಕ ಮಡಚಿದೆ. ಅವತ್ತಿನಿಂದ ಅವಳು ಸಂತೆಗೆ ಹೋಗುತ್ತಿಲ್ಲ. ಊಟ ಅರ್ಧಕ್ಕೇ ಬಿಡುತ್ತಾಳೆ. ಒಂದು ದಿನ ನಾನು ನಿನ್ನ ಸುದ್ದಿ ತೆಗೆದೆ. ಇದನ್ನು ಹೊರಗೆ ತಂದದ್ದು ಅವರ ಮಗನೇ, ಅದಕ್ಕೆ ಮನೆಯವರು ಅವನನ್ನು ದೂರ ಇಟ್ಟಿದ್ದಾರೆ ಎಂದೆ. ಸಮಾಧಾನ ಆದೀತು ಎಂಬ ಆಸೆ ನನಗೆ. ಅವಳು ಹೇಳಿದ್ದು ಇಷ್ಟೇ: “ಅವ್ನನ್ನ ಇಲ್ಲಿಗೆ ಕರೀಬ್ಯಾಡ. ತಪ್ಪಾಯ್ತು ಅಂತ ಬಂದು ನಿಂತ್ರೆ ನಾನು ಏನಾದ್ರೂ ಹೇಳ್ಬೇಕಾಯ್ತದೆ. ನನ್ ಕೈಲಾಗಾಕಿಲ್ಲ.”

ಹಾಗಾಗಿ ಬರಬೇಡ. ಬರುವ ಯೋಚನೆ ನಿನಗೆ ಇದ್ದರೂ ಬರಬೇಡ.

ಇನ್ನು ಕೆಲಸದ ಮಾತು. ಎರಡನೆಯ ಮುದ್ರಣ ಬೇಕೆಂದು ಪ್ರಕಾಶಕರು ಕೇಳಿದ್ದಾರೆ, ತಿದ್ದುಪಡಿ ಇದ್ದರೆ ಈ ತಿಂಗಳೇ ಕಳಿಸಬೇಕಂತೆ. ಐದನೆಯ ಅಧ್ಯಾಯದ ಕೊನೆಯ ಪ್ಯಾರಾದಲ್ಲಿ ಒಂದು ವಾಕ್ಯವಿದೆ: ‘ಇದು ಯೋಚಿಸಿ ಮಾಡಿದ ಕೃತ್ಯ ಎಂಬುದು ಬದುಕುಳಿದವರಿಗೆ ಮೊದಲಿನಿಂದಲೂ ತಿಳಿದಿತ್ತು.’ ಬರೆದವನು ನಾನು, ಓದಿ ಒಪ್ಪಿದವನು ನೀನು. ಯಾರನ್ನೂ ಕೇಳದೆ ಬರೆದದ್ದು.

ಅದು ತಪ್ಪು. ತೆಗೆಯುತ್ತಿದ್ದೇನೆ. ನಿನ್ನ ಒಪ್ಪಿಗೆ ಒಂದು ಕಾರ್ಡಿನಲ್ಲಿ ಬರೆದು ಕಳಿಸು.

ಭೀಮರಾಜ್